ಕರೆಂಟ್ ಎಲ್ಲಿಗೆ ಹೋಯ್ತು?

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಒಂದು ಸಂಜೆ ಕರೆಂಟ್ ಹೋಯಿತು. ಸಾಗರದ ಕಡೆ ಇದು ದೊಡ್ಡ ಸುದ್ದಿಯೇನಲ್ಲ. ಗಾಳಿ ಜೋರಾದರೆ ಎಲ್ಲೋ ಒಂದು ಮರ ತಂತಿ ಮೇಲೆ ಬೀಳುತ್ತದೆ. ಆಮೇಲೆ ಎರಡು ದಿನ ಕತ್ತಲೆ. ಅಕ್ಕ ಒಳಗಿಂದ ಚಿಮಣಿ ದೀಪ ತಂದು ಜಗಲಿಯ ಮೇಲೆ ಇಟ್ಟಳು. ಐದು ವರ್ಷದ ನನ್ನ ಮಗಳು ಅದರ ಪಕ್ಕ ಕೂತು ಗೋಡೆ ಮೇಲಿನ ತನ್ನ ನೆರಳು ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು: "ಅಪ್ಪ, ಕರೆಂಟ್ ಎಲ್ಲಿಗೆ ಹೋಯ್ತು?"

ತಂತಿ ಕಡಿದಿದೆ ಪುಟ್ಟಿ, ಅದಕ್ಕೇ ಬರ್ತಾ ಇಲ್ಲ ಅಂದೆ. ಅವಳಿಗೆ ಬೇಕಾಗಿದ್ದು ಅದಲ್ಲ. "ಬರ್ತಾ ಇಲ್ಲ, ಸರಿ. ಇಲ್ಲಿ ಇತ್ತಲ್ಲ, ಅದು ಎಲ್ಲಿಗೆ ಹೋಯ್ತು?" ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಸೇರಿಸಿದಳು: "ಅಜ್ಜಿ ಹೋದಲ್ಲಿಗೇನಾ?"

ಅಮ್ಮ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಮನೆಗೆ ಬಂದವರೆಲ್ಲ ಮಗಳ ತಲೆ ಸವರಿ ಒಂದೇ ಮಾತು ಹೇಳಿದ್ದರು: "ಅಜ್ಜಿ ಹೋಗ್ಬಿಟ್ರು ಪುಟ್ಟಿ." ಹೋದವರು ಎಲ್ಲಿಗಾದರೂ ಹೋಗಿರಬೇಕು ಅಲ್ವಾ? ಅದೂ ಅಲ್ಲದೆ ನಮ್ಮಲ್ಲಿ ಮನೆಯಿಂದ ಹೊರಡುವವರು ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಅನ್ನುತ್ತಾರೆ. ಅಮ್ಮ ಕೊನೆಯ ಸಲ ಆಸ್ಪತ್ರೆಗೆ ಹೊರಡುವಾಗಲೂ ಮೊಮ್ಮಗಳ ಗಲ್ಲ ಹಿಡಿದು "ಬರ್ತೀನಿ" ಅಂತಲೇ ಹೇಳಿದ್ದಳು. ಮಗು ಆ ಮಾತನ್ನು ನಂಬಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳು ಕೇಳಿದ್ದು ಮಗುವಿನ ಪ್ರಶ್ನೆ ಅಂತ ತಳ್ಳಿಹಾಕಲು ಆಗಲಿಲ್ಲ. ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲದಿಂದ ದೊಡ್ಡವರು ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಅದು. ಅದು ಹುಟ್ಟಿದ್ದು "ಹೋಯ್ತು" ಅನ್ನುವ ಒಂದು ಸಣ್ಣ ಮಾತಿನಿಂದ.

ನಿದ್ದೆ ಬರಲಿಲ್ಲ ಅಂದೆನಲ್ಲ, ಅದನ್ನೇ ನೋಡಿ. ನಿದ್ದೆ ಬಂತು, ಸಿಟ್ಟು ಬಂತು, ಜ್ವರ ಬಂತು, ನೆನಪು ಬಂತು. ಮಳೆ ಬಂತು, ಬಸ್ಸು ಬಂತು, ನೆಂಟರು ಬಂದರು. ಕನ್ನಡದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ನೆಂಟರು ಬಂದರೆ ಎಲ್ಲಿಂದ ಅಂತ ಕೇಳಬಹುದು. ಸೊರಬದಿಂದ, ಶಿರಸಿಯಿಂದ. ಸಿಟ್ಟು ಬಂದರೆ? "ನನಗೆ ಸಿಟ್ಟು ಬಂತು" ಅನ್ನುವ ಮಾತಿನಲ್ಲಿ ಒಂದು ಚಿತ್ರ ಇದೆ. ನಾನು ಒಂದು ಮನೆಯಲ್ಲಿ ಕೂತಿದ್ದೇನೆ, ಸಿಟ್ಟು ಹೊರಗಿಂದ ಬಂದು ಬಾಗಿಲು ತಟ್ಟಿತು. ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಬರುವ ಮೊದಲು ಸಿಟ್ಟು ಎಲ್ಲಿತ್ತು? ಒಳಗೆ ಕೂತಿದ್ದ ಆ "ನಾನು" ಯಾರು? ಸಿಟ್ಟು, ನಿದ್ದೆ, ನೆನಪು ಎಲ್ಲ ಎದ್ದು ಹೋದ ಮೇಲೂ ಖಾಲಿ ಮನೆಯಲ್ಲಿ ಒಬ್ಬ "ನಾನು" ಕೂತೇ ಇರುತ್ತಾನಾ?

ಕರೆಂಟಿನ ಕಥೆಯೂ ಇದೇ. ನಮ್ಮೂರಿಗೆ ಜೋಗದ ಪವರ್‌ಹೌಸ್ ಹತ್ತಿರ. ಚಿಕ್ಕವನಿದ್ದಾಗ ಶರಾವತಿಯ ನೀರಿನ ಹಾಗೆ ಕರೆಂಟೂ ತಂತಿಯೊಳಗೆ ಹರಿದುಕೊಂಡು ನಮ್ಮ ಮನೆಗೆ ಬರುತ್ತದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದು ನಾನೊಬ್ಬನೇ ಅಲ್ಲ. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ ವಿದ್ಯುತ್ತನ್ನು ಒಂದು ದ್ರವ ಅಂತಲೇ ಯೋಚಿಸಿದ. ಅದು ಜಾಸ್ತಿ ಇದ್ದ ಕಡೆ ಪ್ಲಸ್, ಕಡಿಮೆ ಇದ್ದ ಕಡೆ ಮೈನಸ್ ಅಂದ. ಇವತ್ತಿಗೂ ಬ್ಯಾಟರಿ ಮೇಲೆ ಅವೇ ಗುರುತು ಇವೆ. ಆದರೆ ನಮ್ಮ ಮನೆಗಳ ವಿದ್ಯುತ್ತಿನಲ್ಲಿ ಎಲೆಕ್ಟ್ರಾನುಗಳು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುತ್ತವೆ, ಅಷ್ಟೇ. ಇದ್ದಲ್ಲಿಂದ ಕದಲುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೋಗದ ಎಲೆಕ್ಟ್ರಾನು ನಮ್ಮ ಜಗಲಿಯ ಬಲ್ಬಿಗೆ ಬರುವುದೇ ಇಲ್ಲ. ಬರುವುದು ಶಕ್ತಿ. ಆ ಸಂಜೆ ಬಲ್ಬು ಆರಿದಾಗ ತಂತಿಯಿಂದ ಏನೂ ಎದ್ದು ಹೋಗಲಿಲ್ಲ, ತೂಗಾಟ ನಿಂತಿತು. ಜೋಕಾಲಿ ನಿಂತ ಮೇಲೆ "ತೂಗಾಟ ಎಲ್ಲಿಗೆ ಹೋಯ್ತು" ಅಂತ ನಾವು ಯಾರೂ ಕೇಳುವುದಿಲ್ಲ.

ಎಂಟನೇ ಕ್ಲಾಸಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಅಲಂಕಾರ ಪಾಠ ಮಾಡಿದ್ದು ನೆನಪಾಗುತ್ತದೆ. "ಸೀತೆಯ ಮುಖ ಕಮಲದಂತೆ ಅರಳಿತು" ಅಂದರೆ ಉಪಮೆ. "ಸೀತೆಯ ಮುಖಕಮಲ ಅರಳಿತು" ಅಂದರೆ ರೂಪಕ. ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಮುಖ, ಕಮಲ, ಅಂತೆ, ಅರಳುವುದು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಈಗ ಅನ್ನಿಸುತ್ತದೆ, ಆ ಪಾಠವನ್ನು ತತ್ವಶಾಸ್ತ್ರದ ಮೊದಲನೇ ಪಾಠವಾಗಿಯೂ ಹೇಳಿಕೊಡಬಹುದಿತ್ತು ಅಂತ. "ಅಂತೆ", "ಹಾಗೆ" ಅನ್ನುವ ಪುಟ್ಟ ಮಾತು ಇರುವವರೆಗೆ ನಾವು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿರುತ್ತೇವೆ. ಮುಖ ಬೇರೆ, ಕಮಲ ಬೇರೆ, ಸಮಾನವಾದದ್ದು ಅರಳುವುದು ಮಾತ್ರ ಅಂತ ಗೊತ್ತಿರುತ್ತದೆ. "ಹಾಗೆ" ಬಿದ್ದುಹೋದರೆ ಎರಡೂ ಒಂದಾಗುತ್ತವೆ. ಆಗ ಕಮಲದ ಎಲ್ಲ ಗುಣಗಳೂ ಮುಖಕ್ಕೆ ಬರಲು ಶುರು. ಬೇರು ಎಲ್ಲಿದೆ? ಕೆಸರು ಎಲ್ಲಿದೆ? ಕವಿತೆಯಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಆದರೆ ಜೀವ, ಕಾಲ, ಮನಸ್ಸು, ಸಾವು ಇಂಥ ಕಣ್ಣಿಗೆ ಕಾಣದ ಸಂಗತಿಗಳ ವಿಷಯದಲ್ಲಿ ಕೇಳುತ್ತೇವೆ. ಯಾಕೆಂದರೆ ಅಲ್ಲಿ ನಮ್ಮ ಕೈಯಲ್ಲಿ ಇರುವುದು ಉಪಮಾನ ಒಂದೇ.

ಇದನ್ನು ಬುದ್ಧನಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ ಅಂತ ನನ್ನ ಅಭಿಪ್ರಾಯ. ಪಾಲಿ ಭಾಷೆಯ ಬೌದ್ಧ ಗ್ರಂಥ ಮಜ್ಝಿಮ ನಿಕಾಯದಲ್ಲಿ ವಚ್ಛಗೋತ್ತ ಅನ್ನುವ ಅಲೆಮಾರಿ ಸನ್ಯಾಸಿ ಬಂದು ಬುದ್ಧನನ್ನು ಕೇಳುತ್ತಾನೆ. ಬಿಡುಗಡೆ ಪಡೆದವನು ಸತ್ತ ಮೇಲೆ ಎಲ್ಲಿ ಹುಟ್ಟುತ್ತಾನೆ? ಹುಟ್ಟುತ್ತಾನೆ ಅನ್ನುವುದು ಹೊಂದುವುದಿಲ್ಲ ಅನ್ನುತ್ತಾನೆ ಬುದ್ಧ. ಹಾಗಾದರೆ ಹುಟ್ಟುವುದಿಲ್ಲವೇ? ಅದೂ ಹೊಂದುವುದಿಲ್ಲ. ವಚ್ಛಗೋತ್ತನಿಗೆ ಗೊಂದಲ. ಆಗ ಬುದ್ಧ ಬೆಂಕಿಯ ಮಾತು ತೆಗೆಯುತ್ತಾನೆ. ನಿನ್ನ ಎದುರು ಉರಿಯುತ್ತಿರುವ ಬೆಂಕಿ ಆರಿತು ಅಂದುಕೋ. ಅದು ಯಾವ ದಿಕ್ಕಿಗೆ ಹೋಯಿತು? ಪೂರ್ವಕ್ಕಾ, ಪಶ್ಚಿಮಕ್ಕಾ, ಉತ್ತರಕ್ಕಾ, ದಕ್ಷಿಣಕ್ಕಾ? ವಚ್ಛಗೋತ್ತ ಹೇಳುತ್ತಾನೆ: ಆ ಪ್ರಶ್ನೆ ಹೊಂದುವುದಿಲ್ಲ. ಹುಲ್ಲು, ಕಟ್ಟಿಗೆ ಇದ್ದಷ್ಟು ಹೊತ್ತು ಉರಿಯಿತು, ಮುಗಿದ ಮೇಲೆ ಆರಿತು.

ನಾನು ಆ ಭಾಗವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬುದ್ಧ ಅಲ್ಲಿ ಉತ್ತರ ಕೊಡಲಿಲ್ಲ, ಉಪಮೆ ಬದಲಿಸಿದ. ದಾರಿಹೋಕನ ಉಪಮೆ ತೆಗೆದು ಬೆಂಕಿಯ ಉಪಮೆ ಇಟ್ಟ. "ಎಲ್ಲಿಗೆ" ಅನ್ನುವ ಪ್ರಶ್ನೆ ದಾರಿಹೋಕನ ಜೊತೆಗೇ ಎದ್ದು ಹೋಯಿತು.

ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುವುದು ಅಶುಭ. "ದೀಪ ದೊಡ್ಡದು ಮಾಡು" ಅನ್ನಬೇಕು. ಅಮ್ಮ ದಿನಾ ರಾತ್ರಿ ದೇವರ ಮುಂದೆ ಹಾಗೆ ಹೇಳಿ ಬತ್ತಿಯನ್ನು ಎಣ್ಣೆಯೊಳಗೆ ಎಳೆಯುತ್ತಿದ್ದಳು. ಚಿಕ್ಕವನಿದ್ದಾಗ ಆ ಮಾತು ಕೇಳಿ ನನಗೆ ಒಂದು ಯೋಚನೆ ಇತ್ತು. ಈ ದೀಪ ದೊಡ್ಡದಾಗಿ ಆಗಿ, ಕಣ್ಣಿಗೆ ಹಿಡಿಸದಷ್ಟು ದೊಡ್ಡದಾಗಿ, ಕೊನೆಗೆ ಕತ್ತಲೆಯಾಗಿಬಿಡುತ್ತದೆ ಅಂತ. ಬರೀ ಒಂದು ಕ್ರಿಯಾಪದ ಬದಲಾಗಿದ್ದರಿಂದ ನನ್ನ ತಲೆಯಲ್ಲಿ ಒಂದು ಬೇರೆಯದೇ ಲೋಕ ಎದ್ದಿತ್ತು.

ಇನ್ನೊಂದು ಉಪಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ರಥ.

ಕಠೋಪನಿಷತ್ತಿನಲ್ಲಿ ನಚಿಕೇತ ಯಮನನ್ನು ಕೇಳುವುದೂ ನನ್ನ ಮಗಳ ಪ್ರಶ್ನೆಯನ್ನೇ. ಸತ್ತವನು ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ? ಯಮ ಉತ್ತರಿಸುತ್ತಾ ರಥದ ಚಿತ್ರ ಕೊಡುತ್ತಾನೆ. ಶರೀರ ರಥ. ಬುದ್ಧಿ ಸಾರಥಿ. ಮನಸ್ಸು ಲಗಾಮು. ಇಂದ್ರಿಯಗಳು ಕುದುರೆ. ಆತ್ಮ ಒಳಗೆ ಕೂತಿರುವ ರಥಿಕ. ಈ ಚಿತ್ರ ಒಪ್ಪಿಕೊಂಡರೆ ಮುಂದಿನದು ಸಲೀಸು. ರಥ ಮುರಿದರೂ ರಥಿಕ ಇಳಿದು ಹೋಗಬಹುದು.

ಬೌದ್ಧರ ಮಿಲಿಂದ ಪಞ್ಹ ಅನ್ನುವ ಗ್ರಂಥದಲ್ಲೂ ರಥವೇ ಇದೆ. ಮಿಲಿಂದ ಅಂದರೆ ಗ್ರೀಕ್ ವಂಶದ ದೊರೆ ಮೆನಾಂಡರ್. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ವಾಯವ್ಯ ಭಾರತ ಆಳಿದವನು. ಭಿಕ್ಷು ನಾಗಸೇನ ಅವನನ್ನು ಕೇಳುತ್ತಾನೆ: ದೊರೆಯೇ, ನಡೆದು ಬಂದೆಯಾ, ವಾಹನದಲ್ಲಿ ಬಂದೆಯಾ? ರಥದಲ್ಲಿ ಬಂದೆ. ರಥ ಅಂದರೆ ಯಾವುದು? ಗಾಲಿಯಾ? ಅಚ್ಚಾ? ನೊಗವಾ? ಒಂದೊಂದಕ್ಕೂ ದೊರೆ ಅಲ್ಲ ಅಲ್ಲ ಅನ್ನುತ್ತಾನೆ. ಹಾಗಾದರೆ ರಥ ಅನ್ನುವುದು ಬಿಡಿಭಾಗಗಳು ಸೇರಿದಾಗ ನಾವು ಕರೆಯುವ ಹೆಸರು ಮಾತ್ರ. "ನಾಗಸೇನ" ಅನ್ನುವುದೂ ಹಾಗೇ. ಒಳಗೆ ಬೇರೆ ಯಾವ ಆತ್ಮವೂ ಇಲ್ಲ.

ನಮ್ಮೂರ ದೇವಸ್ಥಾನದ ಪಕ್ಕದಲ್ಲಿ ತೇರು ನಿಲ್ಲಿಸುವ ಒಂದು ಶೆಡ್ ಇದೆ. ವರ್ಷದ ಮುಕ್ಕಾಲು ಪಾಲು ಅಲ್ಲಿ ಗಾಲಿ ಮತ್ತು ಕೆಳಗಿನ ಮರದ ಭಾಗ ಮಾತ್ರ ಇರುತ್ತದೆ. ಗಾಲಿಗೆ ಅಡ್ಡ ಕಲ್ಲು ಇಟ್ಟಿರುತ್ತಾರೆ. ಮರದ ಕೆತ್ತನೆಯ ಸಂದಿನಲ್ಲಿ ಹಳೇ ಕುಂಕುಮ, ಜೇಡರ ಬಲೆ. ಹಗ್ಗ ಒಂದು ಕೋಣೆಯಲ್ಲಿ, ಬಿದಿರು ಇನ್ನೊಂದು ಕಡೆ, ಬಾವುಟಗಳು ಪೆಟ್ಟಿಗೆಯಲ್ಲಿ, ಕಳಸ ಅರ್ಚಕರ ಮನೆಯಲ್ಲಿ. ಒಂದು ಸಲ ಬೆಂಗಳೂರಿನ ಸ್ನೇಹಿತನೊಬ್ಬ "ನಿಮ್ಮೂರ ತೇರು ತೋರಿಸು" ಅಂದಾಗ ಈ ಶೆಡ್ಡಿಗೆ ಕರೆದುಕೊಂಡು ಹೋದೆ. "ಇದಾ ತೇರು?" ಅಂದ. ನಾನು ತಡವರಿಸಿದೆ. ಇದು ತೇರು ಹೌದು, ಆದರೆ ತೇರು ನೋಡಬೇಕಾದರೆ ಜಾತ್ರೆಗೆ ಬರಬೇಕು. ನಾಗಸೇನನ ವಾದ ನನಗೆ ಅರ್ಥವಾದದ್ದು ಪುಸ್ತಕದಲ್ಲಿ ಅಲ್ಲ, ಆ ಶೆಡ್ಡಿನ ಬಾಗಿಲಲ್ಲಿ.

ಆದರೆ ಜಾತ್ರೆಯ ದಿನ ತೇರಿನ ಒಳಗೆ ಉತ್ಸವಮೂರ್ತಿ ಕೂತಿರುತ್ತದೆ. ಅವತ್ತು ನೋಡುವವನಿಗೆ ಕಠೋಪನಿಷತ್ತೇ ಸರಿ ಅನ್ನಿಸುತ್ತದೆ. ನಾಗಸೇನ ದೊರೆಯನ್ನು ಗಾಲಿ, ಅಚ್ಚು, ನೊಗ ಅಂತ ಒಂದೊಂದಾಗಿ ಕೇಳಿದ. ಆದರೆ ಕೂತು ಬಂದವನ ಬಗ್ಗೆ ಕೇಳಲಿಲ್ಲ. ಮಿಲಿಂದ ಅಲ್ಲೇ ಎದ್ದು, "ಭಂತೇ, ಆ ರಥದಲ್ಲಿ ಕೂತು ಬಂದವನು ನಾನಿದ್ದೇನಲ್ಲ" ಅಂದಿದ್ದರೆ? ಯಮನ ರಥದಲ್ಲಿ ರಥಿಕನನ್ನು ಮೊದಲೇ ಕೂರಿಸಿಟ್ಟಿದ್ದಾರೆ. ನಾಗಸೇನನ ರಥವನ್ನು ಖಾಲಿ ನಿಲ್ಲಿಸಿಯೇ ಮಾತು ಶುರು ಮಾಡಿದ್ದಾರೆ. ತೀರ್ಮಾನ ವಾದದಲ್ಲಿ ಆಗಲಿಲ್ಲ, ಉಪಮೆ ಆರಿಸಿಕೊಳ್ಳುವಾಗಲೇ ಆಗಿಹೋಗಿತ್ತು.

ಹೀಗೆ ಹೇಳಿದ್ದಕ್ಕೆ ನಮ್ಮ ಹಿರಿಯರು ಉಪಮೆಗೆ ಮರುಳಾದರು ಅಂತ ಯಾರೂ ತಿಳಿಯಬಾರದು. ಉಪಮೆ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಅವರಷ್ಟು ಕಟ್ಟುನಿಟ್ಟಾಗಿ ಚರ್ಚಿಸಿದವರು ಅಪರೂಪ. ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದ ಮೂರನೇ ಅಧ್ಯಾಯದಲ್ಲಿ ನೀರಿನಲ್ಲಿ ಕಾಣುವ ಸೂರ್ಯನ ಉಪಮೆ ಬರುತ್ತದೆ. ಸೂರ್ಯ ಒಬ್ಬನೇ, ನೀರು ತುಂಬಿದ ಪಾತ್ರೆಗಳು ಹಲವು, ಅದಕ್ಕೇ ಹಲವು ಸೂರ್ಯರು ಕಾಣುತ್ತಾರೆ. ಆತ್ಮವೂ ಹಾಗೆ. ಮುಂದಿನ ಸೂತ್ರದಲ್ಲೇ ಆಕ್ಷೇಪಣೆ. ಇದು ಹೇಗೆ ಹೊಂದುತ್ತದೆ? ಸೂರ್ಯನಿಗೆ ಆಕಾರ ಇದೆ. ನೀರು ಅವನಿಂದ ಬೇರೆಯಾಗಿ, ದೂರದಲ್ಲಿ ಇದೆ. ಆತ್ಮಕ್ಕೆ ಆಕಾರ ಇಲ್ಲ, ಅದರಿಂದ ದೂರ ಇರುವ ವಸ್ತುವೂ ಇಲ್ಲ. ಅದರ ಮುಂದಿನ ಸೂತ್ರದಲ್ಲಿ ಉತ್ತರ. ನೀರು ಅಲುಗಿದರೆ ಪ್ರತಿಬಿಂಬ ಅಲುಗುತ್ತದೆ, ಸೂರ್ಯ ಅಲುಗುವುದಿಲ್ಲ. ಸಮಾನವಾದದ್ದು ಇಷ್ಟೇ. ಇಲ್ಲಿ ಶಂಕರರು ಭಾಷ್ಯದಲ್ಲಿ ಹೇಳುವ ಮಾತು ನನಗೆ ತುಂಬಾ ಇಷ್ಟ. ಹೇಳಬೇಕೆಂದಿರುವ ಒಂದು ಅಂಶ ಬಿಟ್ಟು ಎಲ್ಲದರಲ್ಲೂ ಹೋಲಿಕೆ ಇರುವ ದೃಷ್ಟಾಂತವನ್ನು ಯಾರಿಂದಲೂ ತೋರಿಸಲು ಆಗದು. ಎಲ್ಲದರಲ್ಲೂ ಹೋಲಿಕೆ ಇದ್ದುಬಿಟ್ಟರೆ ಅದು ದೃಷ್ಟಾಂತವಾಗಿಯೇ ಉಳಿಯುವುದಿಲ್ಲ. ಮೇಷ್ಟ್ರು ಹೇಳಿದ ಸಮಾನಧರ್ಮ ಅನ್ನುವುದು ಇದೇ.

ಇಷ್ಟು ಎಚ್ಚರ ಇದ್ದರೂ ಮುಂದೆ ಏನಾಯಿತು ನೋಡಿ. ಆತ್ಮ ಒಂದೇ ಅನ್ನುವ ಶಂಕರರ ಹಾದಿಯ ಅದ್ವೈತಿಗಳಲ್ಲೇ ಎರಡು ದಾರಿಯಾಯಿತು. ವಾಚಸ್ಪತಿ ಮಿಶ್ರರ ಭಾಮತಿ ಅನ್ನುವ ವ್ಯಾಖ್ಯಾನದ ಕಡೆಯವರಿಗೆ ಕೊಡದ ಉಪಮೆ ಹಿಡಿಸಿತು. ಕೊಡದ ಒಳಗಿನ ಆಕಾಶ ಬೇರೆ ಅಂತ ಕಂಡರೂ ಅದು ಹೊರಗಿನ ಆಕಾಶವೇ. ಕೊಡ ಒಡೆದರೆ ಎರಡೂ ಒಂದು. ಪ್ರಕಾಶಾತ್ಮರ ವಿವರಣ ಅನ್ನುವ ವ್ಯಾಖ್ಯಾನದ ಕಡೆಯವರು ಪ್ರತಿಬಿಂಬದ ಉಪಮೆಯನ್ನು ಹಿಡಿದರು. ಒಂದೊಂದು ಉಪಮೆಗೂ ಅದರದ್ದೇ ಕಷ್ಟ. ಒಬ್ಬನಿಗೆ ದುಃಖವಾದರೆ ಎಲ್ಲರಿಗೂ ಯಾಕೆ ಆಗುವುದಿಲ್ಲ, ಆತ್ಮ ಒಂದೇ ಅಲ್ವಾ? ಇದಕ್ಕೆ ಶಂಕರರಿಗಿಂತ ಹಿಂದಿನ ಗೌಡಪಾದರು ಮೊದಲೇ ಉತ್ತರ ಕೊಟ್ಟಿದ್ದರು. ಒಂದು ಕೊಡದ ಒಳಗೆ ಹೊಗೆ, ಧೂಳು ತುಂಬಿದರೆ ಉಳಿದ ಕೊಡಗಳು ಕೊಳೆಯಾಗುವುದಿಲ್ಲ. ಸರಿ, ಆದರೆ ಕೊಡವನ್ನು ಬಾವಿಯಿಂದ ಮನೆಗೆ ಹೊತ್ತು ತಂದರೆ ಒಳಗಿನ ಆಕಾಶವೂ ಜೊತೆಗೆ ಬರುತ್ತದಾ? ಆಕಾಶ ಕದಲುವುದಿಲ್ಲ. ಹಾಗಾದರೆ ಹೆಜ್ಜೆ ಹೆಜ್ಜೆಗೂ ಕೊಡದ ಒಳಗೆ ಬೇರೆ ಬೇರೆ ಆಕಾಶ. ಕರ್ಮ ಮಾಡಿದ ಆತ್ಮ ಒಂದು, ಫಲ ಉಣ್ಣುವ ಆತ್ಮ ಇನ್ನೊಂದು ಆಗಿಬಿಡುತ್ತದಲ್ಲ! ಪಂಡಿತರು ಇದನ್ನು ನಿಜವಾಗಿಯೂ ಕೇಳಿದರು, ಗಂಭೀರವಾಗಿ ಚರ್ಚಿಸಿದರು. ನನಗೆ ಆ ಶ್ರಮದ ಬಗ್ಗೆ ಅಪಾರ ಗೌರವ ಇದೆ. ಆದರೆ ಈ ಪ್ರಶ್ನೆಯಲ್ಲಿ ಆತ್ಮದ್ದೆಷ್ಟು, ಕೊಡದ್ದೆಷ್ಟು?

ನಮ್ಮ ಉಡುಪಿಯ ಮಧ್ವಾಚಾರ್ಯರನ್ನು ನೋಡಿ. 13ನೇ ಶತಮಾನ, ಪಾಜಕದಲ್ಲಿ ಹುಟ್ಟಿದವರು. ಅವರೂ ಜೀವನನ್ನು ಪ್ರತಿಬಿಂಬ ಅಂತಲೇ ಕರೆದರು. ಆದರೆ ಅವರು ತೆಗೆದುಕೊಂಡ ಸಮಾನಧರ್ಮ ಬೇರೆ. ಪ್ರತಿಬಿಂಬ ಬಿಂಬವನ್ನು ಹೋಲುತ್ತದೆ, ಬಿಂಬವನ್ನೇ ನೆಚ್ಚಿಕೊಂಡಿದೆ, ಆದರೆ ಬಿಂಬವೇ ಅಲ್ಲ. ಅದೇ ಉಪಮೆಯಿಂದ ಶಂಕರರಿಗೆ ಅಭೇದ, ಮಧ್ವರಿಗೆ ಭೇದ. ಮಧ್ವರಿಗೂ ಒಂದು ತೊಡಕು ಇತ್ತು. ಕನ್ನಡಿ ಒಡೆದರೆ ಪ್ರತಿಬಿಂಬ ಇಲ್ಲವಾಗುತ್ತದೆ, ಅವರ ಪ್ರಕಾರ ಜೀವ ಎಂದಿಗೂ ನಾಶವಾಗಬಾರದು. ಅದಕ್ಕೆ ಅವರು ಕನ್ನಡಿಯೇ ಬೇಡದ ಪ್ರತಿಬಿಂಬಕ್ಕೆ ಒಂದು ನಿದರ್ಶನ ಕೊಟ್ಟರು. ಸೂರ್ಯನಿಗೆ ಕಾಮನಬಿಲ್ಲು ಹೇಗೋ, ಈಶ್ವರನಿಗೆ ಜೀವ ಹಾಗೆ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ. ಆಗುಂಬೆಯ ಘಾಟಿಯಲ್ಲಿ ಮಳೆ ಬಿಟ್ಟ ಮೇಲೆ ಕಂಡ ಕಾಮನಬಿಲ್ಲು ನೆನಪಾಯಿತು. ಒಂದು ಉಪಮೆ ಸೋತ ಕಡೆಯೇ ಇನ್ನೊಂದನ್ನು ಹುಡುಕಿ ನಿಲ್ಲಿಸುವುದಿದೆಯಲ್ಲ, ಅಲ್ಲಿ ನಡೆಯುತ್ತಿರುವುದು ನಿಜವಾದ ಯೋಚನೆ.

ವಿಜ್ಞಾನದಲ್ಲೂ ಹೀಗೆ ಆಗುತ್ತದೆ, ಒಂದು ವ್ಯತ್ಯಾಸ ಇದೆ. ಬೆಳಕು ಅಲೆ ಅಂತ ಗೊತ್ತಾದಾಗ ಎಲ್ಲರೂ ಕೇಳಿದ ಪ್ರಶ್ನೆ: ಅಲೆ ಯಾವುದರಲ್ಲಿ? ಕೆರೆಯ ಅಲೆಗೆ ನೀರು ಬೇಕು, ಶಬ್ದದ ಅಲೆಗೆ ಗಾಳಿ ಬೇಕು. ಬೆಳಕಿನ ಅಲೆಗೂ ಏನೋ ಒಂದು ಇರಲೇಬೇಕು ಅಂತ ಅದಕ್ಕೆ ಈಥರ್ ಅಂತ ಹೆಸರಿಟ್ಟರು. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಮೋರ್ಲಿ ಭೂಮಿ ಈ ಈಥರಿನಲ್ಲಿ ಸಾಗುವ ವೇಗ ಅಳೆಯಲು ಹೊರಟರು. ಸುಳಿವೇ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲ ಅಂದ. ಕೆರೆಯ ಉಪಮೆಯಲ್ಲಿ ಅಲೆ ಉಳಿಯಿತು, ಕೆರೆ ಹೋಯಿತು. ಅಲ್ಲಿ ತೀರ್ಪು ಕೊಡಲು ಒಂದು ಪ್ರಯೋಗ ಇತ್ತು. ಜೀವದ ವಿಷಯದಲ್ಲಿ, ಕಾಲದ ವಿಷಯದಲ್ಲಿ ಅಂಥ ಪ್ರಯೋಗ ಏನಿದೆ? ಉಪಮೆ ತಪ್ಪು ಅಂತ ಹೇಳುವವರು ಯಾರೂ ಇಲ್ಲದೆ ಪ್ರಶ್ನೆ ನೂರಾರು ವರ್ಷ ಬದುಕಿಬಿಡುತ್ತದೆ.

ಕಾಲದ ಮಾತು ಬಂತು, ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಹೋದ ವಾರ, ಬರೋ ವಾರ ಅನ್ನುತ್ತೇವೆ. ವಾರ ನಡೆದು ಬರುತ್ತದೆ. "ದೀಪಾವಳಿ ಹತ್ತಿರ ಬಂತು" ಅಂದರೆ ಹಬ್ಬ ನಮ್ಮ ಕಡೆಗೆ ಬರುತ್ತಿದೆ, "ದಿನ ದೂಡಿದೆ" ಅಂದರೆ ನಾವೇ ತಳ್ಳುತ್ತಿದ್ದೇವೆ. ಕಾಲ ಹರಿಯುತ್ತದೆ ಅಂದರೆ ಎಷ್ಟು ವೇಗದಲ್ಲಿ? ಸೆಕೆಂಡಿಗೆ ಒಂದು ಸೆಕೆಂಡಾ? ಜೆ.ಜೆ.ಸಿ. ಸ್ಮಾರ್ಟ್ ಅನ್ನುವ ತತ್ವಜ್ಞಾನಿ 1949ರಲ್ಲೇ ಈ ನದಿಯ ಉಪಮೆಯನ್ನು ಹಿಡಿದು ಅದರ ತೊಡಕನ್ನು ತೋರಿಸಿದ್ದ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಐಮಾರಾ ಜನರ ಭಾಷೆಯಲ್ಲಿ ಕಳೆದದ್ದು ಮುಂದೆ ಇದೆ, ಬರುವುದು ಬೆನ್ನ ಹಿಂದೆ. ಕಂಡಿರುವುದು ಕಣ್ಣೆದುರು ತಾನೇ ಇರಬೇಕು! ನಮಗೆ "ಮುಂದೆ" ಅಂದರೆ ನಾಳೆ. ಯಾರು ಸರಿ ಅಂತ ಕೇಳುವುದರಲ್ಲಿ ಅರ್ಥವಿಲ್ಲ.

ಮನಸ್ಸಿನ ಬಗ್ಗೆ ಪಶ್ಚಿಮದವರ ಕಥೆಯೂ ಉಪಮೆಗಳ ಕಥೆಯೇ. 17ನೇ ಶತಮಾನದಲ್ಲಿ ಡೆಕಾರ್ಟ್ ದೇಹವನ್ನು ಅರಸರ ತೋಟಗಳಲ್ಲಿ ನೀರಿನ ಒತ್ತಡದಿಂದ ಚಲಿಸುತ್ತಿದ್ದ ಬೊಂಬೆಗಳಿಗೆ ಹೋಲಿಸಿದ. ದೇಹ ಯಂತ್ರವಾದ ಮೇಲೆ ಅದನ್ನು ನಡೆಸುವವನು ಒಳಗೆ ಎಲ್ಲಿ ಕೂತಿದ್ದಾನೆ ಅನ್ನುವ ಪ್ರಶ್ನೆ ಹುಟ್ಟಲೇಬೇಕು. 1949ರಲ್ಲಿ ಗಿಲ್ಬರ್ಟ್ ರೈಲ್ ಅನ್ನುವ ತತ್ವಜ್ಞಾನಿ ಇದನ್ನು ಯಂತ್ರದೊಳಗಿನ ಭೂತ ಅಂತ ಕರೆದು, ಪ್ರಶ್ನೆಯೇ ತಪ್ಪು ಜಾಗದಲ್ಲಿ ಹುಟ್ಟಿದೆ ಅಂದ. ಈಗ ಬೊಂಬೆಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಆಫೀಸಿನಲ್ಲಿ ನಾನೇ "ತಲೆ ಹ್ಯಾಂಗ್ ಆಯ್ತು" ಅನ್ನುತ್ತೇನೆ. ಇದರಿಂದ ಒಂದು ಹೊಸ ಪ್ರಶ್ನೆ ಹುಟ್ಟಿತು. ಮನಸ್ಸು ಫೈಲಿನ ಹಾಗಿದ್ದರೆ ಅದನ್ನು ಕಾಪಿ ಮಾಡಬಹುದು. ಎರಡು ಕಾಪಿಯಾದರೆ ಯಾವುದು ನಾನು? ಡೆರೆಕ್ ಪಾರ್ಫಿಟ್ ಅನ್ನುವ ತತ್ವಜ್ಞಾನಿ 1984ರಲ್ಲಿ ಇಂಥದ್ದೇ ಪ್ರಶ್ನೆಯ ಮೇಲೆ ಪುಟಗಟ್ಟಲೆ ಬರೆದ. ಗೀತೆಯಲ್ಲಿ ಹಳೇ ಬಟ್ಟೆ ಕಳಚಿ ಹೊಸದು ತೊಡುವ ಉಪಮೆ ಇದೆಯಲ್ಲ, ಅದನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಬಟ್ಟೆ ಎಷ್ಟಾದರೂ ಇರಲಿ, ತೊಡುವವನು ಒಬ್ಬನೇ.

ಹಾಗಾದರೆ ಉಪಮೆ ಬಿಟ್ಟು ಯೋಚಿಸಬಹುದಾ? ನನಗೆ ಆಗುವುದಿಲ್ಲ. ಅರ್ಥ "ಹೊಳೆಯುತ್ತದೆ", ಪಾಠ "ತಲೆಗೆ ಹತ್ತುತ್ತದೆ", ಮಾತು "ಮನಸ್ಸಿಗೆ ನಾಟುತ್ತದೆ". ಅರ್ಥವಾಗುವುದು ಅನ್ನುವುದನ್ನೇ ಉಪಮೆ ಇಲ್ಲದೆ ಹೇಳಲು ಬರುವುದಿಲ್ಲ. ಭಾಷೆಯೊಳಗಿನ ಒಂದು ಚಿತ್ರ ನಮ್ಮನ್ನು ಕಟ್ಟಿಹಾಕುತ್ತದೆ ಅಂತ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಹೇಳಿದ. ಒಪ್ಪುತ್ತೇನೆ. ಆದರೆ ಚಿತ್ರ ಬಿಚ್ಚಿದರೆ ಎಲ್ಲ ತತ್ವಪ್ರಶ್ನೆಗಳೂ ಕರಗಿಹೋಗುತ್ತವೆ ಅನ್ನುವವರ ಮಾತನ್ನು ಒಪ್ಪಲಾರೆ. ನಾನು ಒಂದು ಕೆಲಸ ಮಾಡುತ್ತೇನೆ. ಪ್ರಶ್ನೆ ಕಾಡಿದಾಗ ಅದರ ಕೆಳಗಿನ ಉಪಮೆಯನ್ನು ತೆಗೆದು ಬೇರೆ ಇಡುತ್ತೇನೆ. ಉಪಮೆಯ ಜೊತೆಗೇ ಪ್ರಶ್ನೆಯೂ ಹೊರಟು ಹೋದರೆ ಅದು ಕೊಡದ ಪ್ರಶ್ನೆ, ಫೈಲಿನ ಪ್ರಶ್ನೆ. ಎಷ್ಟು ಉಪಮೆ ಬದಲಿಸಿದರೂ ಹಿಂದೆ ಹಿಂದೆಯೇ ಬಂದರೆ ಅದನ್ನು ಕೂರಿಸಿ ಮಾತಾಡಿಸಬೇಕು.

ಅಂಥದ್ದೊಂದು ಪ್ರಶ್ನೆ ಅಮ್ಮನ ಎಲೆ ಅಡಿಕೆ ಸಂಚಿಯಲ್ಲಿ ಇದೆ. ಆತ್ಮವನ್ನು ಒಪ್ಪದ ಹಿಂದಿನ ಕಾಲದ ಚಾರ್ವಾಕರು, ಅರಿವು ಅನ್ನುವುದು ಬೇರೆ ಏನೂ ಅಲ್ಲ, ಜಡವಸ್ತುಗಳು ಸೇರಿದಾಗ ಹುಟ್ಟುತ್ತದೆ ಅಂದರು. ಅದಕ್ಕೆ ಕೊಟ್ಟ ಉಪಮೆ ತಾಂಬೂಲ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಸೇರಿಸಿ ಅಗಿದರೆ ಕೆಂಪು. ಆ ಕೆಂಪು ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ, ಹೊರಗಿಂದಲೂ ಬರಲಿಲ್ಲ. ನನಗೆ ಗೊತ್ತಿರುವ ಅತ್ಯಂತ ಸುಂದರವಾದ ಉಪಮೆಗಳಲ್ಲಿ ಇದು ಒಂದು. "ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು" ಎರಡನ್ನೂ ಒಂದೇ ಏಟಿಗೆ ಸುಮ್ಮನಾಗಿಸುತ್ತದೆ. ಆದರೆ ಒಂದು ಉಳಿಯುತ್ತದೆ. ಕೆಂಪನ್ನು ನೋಡಲು ಯಾರಾದರೂ ಬೇಕು. ತಾಂಬೂಲದ ಹೊರಗೆ ನಿಂತು ನಾವು ಅದನ್ನು ನೋಡುತ್ತೇವೆ. ಅರಿವಿನ ವಿಷಯದಲ್ಲಿ ಆ ನೋಡುವುದೇ ಹುಟ್ಟಬೇಕಾದ ಕೆಂಪು. ರಥ, ಕೊಡ, ಕನ್ನಡಿ, ಕಾಮನಬಿಲ್ಲು, ಬೊಂಬೆ, ಫೈಲು ಎಲ್ಲವನ್ನೂ ತೆಗೆದು ಪಕ್ಕಕ್ಕೆ ಇಟ್ಟರೂ ಈ ಪ್ರಶ್ನೆ ಎದ್ದು ಹೋಗುವುದಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಾ ಮಳೆ ನೋಡುತ್ತಿದ್ದಳಲ್ಲ, ಅವಳಿಗೆ ಆ ಮಳೆ ಹೇಗೆ ಕಾಣುತ್ತಿತ್ತೋ, ಆ ಕಾಣುವುದು ಈಗ ಇಲ್ಲ. ಎಲ್ಲಿಗೆ ಹೋಯಿತು ಅಂತ ನಾನು ಕೇಳುವುದಿಲ್ಲ. ಅದು ಇತ್ತಲ್ಲ, ಹೇಗೆ ಇತ್ತು ಅಂತ ಕೇಳಿಕೊಳ್ಳುತ್ತೇನೆ.

ಅವತ್ತು ಜಗಲಿಯಲ್ಲಿ ಮಗಳಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಮಲಗುವ ಹೊತ್ತಿಗೆ ಚಿಮಣಿ ಊದಲು ಅವಳನ್ನೇ ಕರೆದೆ. ಊದಿದಳು. ಕತ್ತಲೆಯಲ್ಲಿ ಕೇಳಿದೆ: "ಬೆಂಕಿ ಯಾವ ಕಡೆ ಹೋಯ್ತು ಪುಟ್ಟಿ?" "ಯಾವ ಕಡೆನೂ ಹೋಗ್ಲಿಲ್ಲ, ನಾನು ಊದಿದೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಕತ್ತಲೆಯಲ್ಲೇ ಮತ್ತೆ ಧ್ವನಿ ಬಂತು. "ಅಜ್ಜಿನ ಯಾರು ಊದಿದ್ರು?" ನನಗೆ ಮಾತು ಹೊರಡಲಿಲ್ಲ. ಬೆಂಕಿಯ ಉಪಮೆಗೂ ಅದರದ್ದೇ ಪ್ರಶ್ನೆ ಇದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಹತ್ತಿರ ಎಳೆದುಕೊಂಡು ಮಲಗಿಸಿದೆ.

ಮೊನ್ನೆ ಅಮ್ಮನ ವರ್ಷದ ಕಾರ್ಯ ಮುಗಿಯಿತು. ಊಟ ಆದ ಮೇಲೆ ಅಕ್ಕ ಅಮ್ಮನ ಸಂಚಿ ತೆಗೆದಳು. ಸುಣ್ಣದ ಡಬ್ಬಿಯಲ್ಲಿ ಸುಣ್ಣ ಒಣಗಿ ಕಲ್ಲಾಗಿತ್ತು. ಅಮ್ಮನ ಬೆರಳು ತಿರುವಿದ ಗುರುತು ಅದರ ಮೇಲೆ ಹಾಗೇ ಇತ್ತು. ಅಕ್ಕ ಹೊಸ ಸುಣ್ಣ ತಂದು, ಎಳೇ ಎಲೆಯ ಚೂರಿಗೆ ಸವರಿ, ಒಂದು ಚೂರು ಅಡಿಕೆ ಇಟ್ಟು ಮಡಿಸಿ ಮಗಳ ಬಾಯಿಗೆ ಹಾಕಿದಳು. ಅವಳು ಮುಖ ಕಿವುಚಿಕೊಂಡು ಅಗಿದಳು. ಆಮೇಲೆ ಬಚ್ಚಲಮನೆಯ ಕನ್ನಡಿಗೆ ಓಡಿದಳು. ಹಿಂದೆಯೇ ಹೋದೆ. ತುದಿಗಾಲಲ್ಲಿ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದಳು.

"ಅಪ್ಪ, ನೋಡು," ಅಂದಳು. "ಅಜ್ಜಿ ನಾಲಿಗೆ ಹಾಗೇ ಇದೆ."